ಬಿಳಿ ಮೆಟ್ಟಿಲಿನಿಂದ ಬಂದರಿಗೆ: ಬಾಲ್ಟಿಮೋರ್ ಪಾಠದಲ್ಲಿ ಉಳಿದ ಒಂದು ಪ್ರಶ್ನೆ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ವಿಷಯ ಬಂದರು ನಗರಗಳು ಮತ್ತು ಕೈಗಾರಿಕೆ. ಪ್ರಶಿಕ್ಷಣಾರ್ಥಿ ಉದಾಹರಣೆಯಾಗಿ ಆರಿಸಿಕೊಂಡಿದ್ದು ಅಮೆರಿಕದ ಬಾಲ್ಟಿಮೋರ್. ಪೀಠಿಕೆ ಸೊಗಸಾಗಿತ್ತು. 2024ರ ಮಾರ್ಚ್‌ನಲ್ಲಿ ಸರಕು ಹಡಗೊಂದು ಡಿಕ್ಕಿ ಹೊಡೆದು ಅಲ್ಲಿನ ಉದ್ದನೆಯ ಸೇತುವೆ ಕುಸಿದುಬಿದ್ದ ಸುದ್ದಿಯನ್ನು ಆಕೆ ನೆನಪಿಸಿದರು. ಆ ಹಡಗಿನ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು ಎಂದಾಗ ಮಕ್ಕಳು ನೆಟ್ಟಗೆ ಕುಳಿತರು. ಆಮೇಲೆ 1950ರ ಸುಮಾರಿನ ನಗರದ ಎರಡು ಚಿತ್ರಗಳನ್ನು ಹಲಗೆಗೆ ಅಂಟಿಸಿದರು. ಒಂದರಲ್ಲಿ ಸಾಲು ಮನೆಗಳು, ಬಿಳಿ ಮೆಟ್ಟಿಲು ತಿಕ್ಕುತ್ತಿರುವ ಹೆಂಗಸರು. ಇನ್ನೊಂದರಲ್ಲಿ ಉಕ್ಕಿನ ಕಾರ್ಖಾನೆಯ ಕುಲುಮೆ, ಅದರ ಮುಂದೆ ಕಪ್ಪು ಜನಾಂಗದ ಕಾರ್ಮಿಕರು.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮಿಸ್, ಈ ಫೋಟೋದಲ್ಲಿರೋರು ಆ ಬೀದಿಯಲ್ಲಿ ಇರ್ತಿದ್ರಾ?”

“ಅದು ಇವತ್ತಿನ ಪಾಠದಲ್ಲಿಲ್ಲ, ಕೂತ್ಕೋ” ಎಂಬ ಉತ್ತರ ಬಂತು. ಪಾಠ ಮುಂದೆ ಹೋಯಿತು; ಪ್ರಮುಖ ಕೈಗಾರಿಕೆಗಳು, ಪ್ರಮುಖ ಆಮದುಗಳು, ಮೌಲ್ಯಮಾಪನ, ಗೃಹಪಾಠ. ನಾನು ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿಯಂತ್ರಣ: ಉತ್ತಮ’ ಎಂದು ಬರೆದು ಸಹಿ ಹಾಕಿದೆ. ಆ ಷರಾ ಆಮೇಲೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಇಡೀ ಅವಧಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ಪ್ರಶಿಕ್ಷಣಾರ್ಥಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಆಗ ಅರ್ಧಂಬರ್ಧ ಮಾತ್ರ ಗೊತ್ತಿತ್ತು. ಆ ಬಾಲಕಿಗೆ ಸಲ್ಲಬೇಕಿದ್ದ ಉತ್ತರವನ್ನು, ಅದನ್ನು ಪಾಠವಾಗಿಸುವ ಬಗೆಯನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪಾಠಯೋಜನೆಗಳು ಬಂದರು ನಗರ ಎಂದೊಡನೆ ಹಡಗುಕಟ್ಟೆಯಿಂದ ಶುರುವಾಗುತ್ತವೆ: ಆಳವಾದ ನೀರು, ರೈಲು ಸಂಪರ್ಕ, ಹಿನ್ನಾಡು. ಬಾಲ್ಟಿಮೋರಿಗೆ ಇವೆಲ್ಲ ಇವೆ. ಚೆಸಾಪೀಕ್ ಕೊಲ್ಲಿಯ ಒಳಭಾಗದಲ್ಲಿ, ಪಟಾಪ್ಸ್ಕೋ ನದಿ ಕೊಲ್ಲಿ ಸೇರುವ ಕಡೆ ಈ ನಗರವಿದೆ. 1950ರ ಜನಗಣತಿಯಲ್ಲಿ ಇದರ ಜನಸಂಖ್ಯೆ 9,49,708. ಆಗ ಅಮೆರಿಕದ ಆರನೆಯ ದೊಡ್ಡ ನಗರ. ಇಷ್ಟನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಮಕ್ಕಳನ್ನು ನೇರವಾಗಿ ಒಂದು ಮನೆಯ ಬಾಗಿಲಿಗೆ ಕರೆದೊಯ್ಯಿರಿ ಎನ್ನುತ್ತೇನೆ. ಮನೆ ಮಕ್ಕಳಿಗೆ ಗೊತ್ತು. ಬಂದರು ಗೊತ್ತಿಲ್ಲ.

ಬಾಲ್ಟಿಮೋರಿನ ದುಡಿಯುವ ಜನರ ಮನೆ ಎಂದರೆ ಸಾಲು ಮನೆ. ಇಟ್ಟಿಗೆಯದು, ಎರಡು ಮಹಡಿ, ಮುಂಭಾಗದ ಅಗಲ ಹನ್ನೆರಡೋ ಹದಿನಾಲ್ಕೋ ಅಡಿ. ಎರಡು ಮನೆಗಳ ನಡುವೆ ಒಂದೇ ಗೋಡೆ. ಹನ್ನೆರಡು ಅಡಿ ಎಷ್ಟೆಂದು ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರೆ ಮಕ್ಕಳು ತಾವೇ ಲೆಕ್ಕ ಹಾಕುತ್ತಾರೆ. ಬಾಗಿಲು ತೆರೆದರೆ ಕಾಲುದಾರಿ, ಅಂಗಳವಿಲ್ಲ. ಬಾಗಿಲಿಗೂ ಕಾಲುದಾರಿಗೂ ನಡುವೆ ಇದ್ದದ್ದು ಮೂರು ನಾಲ್ಕು ಬಿಳಿ ಅಮೃತಶಿಲೆಯ ಮೆಟ್ಟಿಲು ಮಾತ್ರ. ಆ ಕಲ್ಲು ನಗರದ ಉತ್ತರಕ್ಕಿರುವ ಕಾಕೀಸ್‌ವಿಲ್ ಎಂಬಲ್ಲಿನ ಗಣಿಗಳಿಂದ ಬರುತ್ತಿತ್ತು. ಬೇರೆ ಕಡೆ ಸ್ಮಾರಕಗಳಿಗೆ ಬಳಸುವ ಕಲ್ಲು ಇಲ್ಲಿ ಕಾರ್ಮಿಕನ ಮನೆ ಬಾಗಿಲಿಗೆ ಬಂದದ್ದು ಗಣಿ ಹತ್ತಿರವಿದ್ದ ಕಾರಣಕ್ಕೆ. ಮನೆಯೊಡತಿಯರು ತೊಳೆಯುವ ಪುಡಿ, ಬಕೆಟ್ಟು ಹಿಡಿದು ಮಂಡಿಯೂರಿ ಉಜ್ಜುಗಲ್ಲಿನಿಂದ ಈ ಮೆಟ್ಟಿಲುಗಳನ್ನು ತಿಕ್ಕುತ್ತಿದ್ದರು. ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಗ್ಗೆ ಬಾಗಿಲಿಗೆ ನೀರು ಹಾಕುವುದನ್ನು ನೋಡಿಯೇ ಶಾಲೆಗೆ ಬಂದಿರುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲಿಸದೆ ಕೇಳಬೇಕು: ಅಷ್ಟು ಬೇಗ ಕೊಳೆಯಾಗುತ್ತಿದ್ದದ್ದು ಯಾಕೆ? ಮಸಿಯಿಂದ. ಮಸಿ ಎಲ್ಲಿಂದ? ಕಲ್ಲಿದ್ದಲು ಉರಿಸುವ ಒಲೆಗಳಿಂದ, ರೈಲಿನಿಂದ, ಕಾರ್ಖಾನೆಗಳಿಂದ. ಹೀಗೆ ಮೆಟ್ಟಿಲಿನಿಂದಲೇ ಕೈಗಾರಿಕೆಗೆ ದಾರಿ ಸಿಕ್ಕಿತು.

ಕಿಟಕಿಯ ವಿಷಯವೂ ಇಂಥದ್ದೇ. ಕಿಟಕಿ ಬೀದಿಗೇ ತೆರೆಯುತ್ತಿತ್ತು. ಹವಾನಿಯಂತ್ರಣ ಮನೆಮನೆಗೆ ಬರುವ ಮುಂಚೆ, ಸೆಕೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ದಾರಿಹೋಕರಿಗೆ ನಡುಮನೆಯೆಲ್ಲ ಕಾಣುತ್ತಿತ್ತು. 1913ರಲ್ಲಿ ವಿಲಿಯಂ ಒಕ್ಟಾವೆಕ್ ಎಂಬ ಚೆಕ್ ಮೂಲದ ಕಿರಾಣಿ ಅಂಗಡಿಯವರು ತಮ್ಮ ಅಂಗಡಿಯ ಜಾಲರಿ ಬಾಗಿಲಿನ ಮೇಲೆ ಹಣ್ಣು ತರಕಾರಿಗಳ ಚಿತ್ರ ಬರೆದರು. ಹೊರಗಿನವರಿಗೆ ಚಿತ್ರವಷ್ಟೇ ಕಾಣುತ್ತದೆ, ಒಳಗಿನವರಿಗೆ ಬೀದಿಯೆಲ್ಲ ಕಾಣುತ್ತದೆ, ಗಾಳಿಗೂ ಅಡ್ಡಿಯಿಲ್ಲ. ನೆರೆಯವರು ತಮಗೂ ಬೇಕೆಂದರು. ಮುಂದಿನ ದಶಕಗಳಲ್ಲಿ ಪೂರ್ವ ಬಾಲ್ಟಿಮೋರಿನ ಬೀದಿಬೀದಿಗಳಲ್ಲಿ ಕೆಂಪು ಹೆಂಚಿನ ಒಂಟಿ ಮನೆ, ಕೊಳ, ಹಂಸಗಳ ಚಿತ್ರವಿರುವ ಜಾಲರಿಗಳು ಬಂದವು. ಸಾಲು ಮನೆಯಲ್ಲಿರುವವರು ತಮ್ಮ ಕಿಟಕಿಯ ಮೇಲೆ ಬರೆಸಿಕೊಂಡದ್ದು ಒಂಟಿ ಮನೆಯ ಚಿತ್ರವನ್ನು ಎಂಬುದನ್ನು ಮಕ್ಕಳೇ ಗುರುತಿಸಲಿ. ಒಂದು ತುಂಡು ಸೊಳ್ಳೆ ಜಾಲರಿ, ಸ್ವಲ್ಪ ಬಣ್ಣ ಇದ್ದರೆ ಇದನ್ನು ತರಗತಿಯಲ್ಲೇ ಮಾಡಿ ನೋಡಬಹುದು. ರಂಧ್ರ ಮುಚ್ಚದಂತೆ ತೆಳುವಾಗಿ ಹಚ್ಚಬೇಕು, ಅಷ್ಟೆ.

ಈ ಮನೆಗಳು ಬಾಡಿಗೆಯವೇ? ಬಹಳಷ್ಟು ಸ್ವಂತದ್ದು. ಇಲ್ಲಿ ಒಂದು ಸೂಕ್ಷ್ಮವಿದೆ. ಬಾಲ್ಟಿಮೋರಿನಲ್ಲಿ ನೆಲಬಾಡಿಗೆ ಎಂಬ ಹಳೆಯ ಪದ್ಧತಿಯಿತ್ತು. ಕೊಳ್ಳುವವನು ಮನೆಯನ್ನು ಮಾತ್ರ ಕೊಳ್ಳುತ್ತಿದ್ದ. ಅದರಡಿಯ ನೆಲವನ್ನು 99 ವರ್ಷದ, ಮತ್ತೆ ಮತ್ತೆ ನವೀಕರಿಸಬಹುದಾದ ಗುತ್ತಿಗೆಗೆ ಪಡೆದು ವರ್ಷವರ್ಷ ಬಾಡಿಗೆ ಕಟ್ಟುತ್ತಿದ್ದ. ನೆಲದ ಬೆಲೆ ಕೈಯಿಂದ ಹಾಕಬೇಕಾಗಿಲ್ಲದ್ದರಿಂದ ಮನೆ ಅಗ್ಗವಾಯಿತು. ಉಳಿದ ಹಣಕ್ಕೆ ಪೋಲಿಷ್, ಚೆಕ್ ಮುಂತಾದ ವಲಸಿಗರು ತಮ್ಮತಮ್ಮ ಕೇರಿಯಲ್ಲೇ ಕಟ್ಟಿಕೊಂಡ ಉಳಿತಾಯ ಸಂಘಗಳಿದ್ದವು. ವಾರವಾರ ಒಂದಿಷ್ಟು ಕಟ್ಟಿ, ಸಾಲ ಪಡೆದು, ಕಾರ್ಖಾನೆಯ ಕೂಲಿಯವನೂ ಮನೆಯ ಯಜಮಾನನಾದ.

ಇನ್ನು ಆ ಕೂಲಿ ಬರುತ್ತಿದ್ದ ಜಾಗ. ನಗರದ ಆಗ್ನೇಯಕ್ಕೆ, ನೀರಿನ ಅಂಚಿನಲ್ಲಿ ಸ್ಪ್ಯಾರೋಸ್ ಪಾಯಿಂಟ್. ಉಕ್ಕಿನ ಕೆಲಸ ಅಲ್ಲಿ 1880ರ ದಶಕದ ಕೊನೆಯಲ್ಲಿ ಆರಂಭವಾಯಿತು. 1916ರಲ್ಲಿ ಬೆತ್ಲೆಹೆಮ್ ಸ್ಟೀಲ್ ಕೊಂಡಿತು. 1950ರ ದಶಕದ ಕೊನೆಗೆ ಅದು ಜಗತ್ತಿನ ಅತಿ ದೊಡ್ಡ ಉಕ್ಕಿನ ಕಾರ್ಖಾನೆ. ದುಡಿಯುವವರು ಸುಮಾರು 30,000. ಅದಿರು ವೆನೆಜುವೆಲಾದಿಂದ ಹಡಗಿನಲ್ಲಿ ಕಾರ್ಖಾನೆಯ ಕಟ್ಟೆಗೇ ಬಂದಿಳಿಯುತ್ತಿತ್ತು. ಬಂದರು ಇದ್ದದ್ದರಿಂದ ಕಾರ್ಖಾನೆ ಎಂಬುದು ಮಕ್ಕಳಿಗೆ ಈಗ ಅರ್ಥವಾಗುತ್ತದೆ. ಹಗಲೂ ರಾತ್ರಿ ಮೂರು ಪಾಳಿ. ರಾತ್ರಿ ಪಾಳಿಯಿಂದ ಬಂದ ಗಂಡಸು ಹಗಲು ಮಲಗಬೇಕು; ಹನ್ನೆರಡು ಅಡಿಯ ಮನೆಯಲ್ಲಿ ಮಕ್ಕಳು ಎಲ್ಲಿ ಆಡಬೇಕು? ಬೀದಿಯಲ್ಲಿ, ಮೆಟ್ಟಿಲಿನ ಮೇಲೆ.

ಆ ಕಾರ್ಖಾನೆಯ ಒಂದು ವಿಭಾಗದಲ್ಲಿ ತೆಳು ಉಕ್ಕಿನ ಹಾಳೆಗೆ ತವರದ ಲೇಪ ಹಾಕುತ್ತಿದ್ದರು. ಹೆಂಗಸರು ನಿಂತು ಒಂದೊಂದೇ ಹಾಳೆಯನ್ನು ಕೈಯಿಂದ ಮಗುಚಿ, ಎರಡೂ ಬದಿ ಕಣ್ಣಾಡಿಸಿ, ಗೀರು ಚುಕ್ಕೆ ಇದ್ದದ್ದನ್ನು ಬೇರ್ಪಡಿಸುತ್ತಿದ್ದರು. ಅಂಥ ತಗಡು ಡಬ್ಬವಾಗುತ್ತಿತ್ತು. ಸಿಂಪಿ, ಟೊಮೇಟೊಗಳನ್ನು ಡಬ್ಬದಲ್ಲಿ ತುಂಬುವುದು ಈ ನಗರದ ಹಳೆಯ ಉದ್ದಿಮೆ. ಇಲ್ಲಿ ನಾನು ಸೂಚಿಸುವ ಬೋಧನೋಪಕರಣಕ್ಕೆ ಖರ್ಚೇ ಇಲ್ಲ: ಗಾಜಿನ ಸೋಡಾ ಬಾಟಲಿಯ ತಗಡಿನ ಮುಚ್ಚಳ. ಅಂಚಿನ ಹಲ್ಲು ಎಣಿಸಲು ಹೇಳಿ. ಈಗಿನದಕ್ಕೆ 21 ಇರುತ್ತವೆ. ಈ ಬಗೆಯ ಮುಚ್ಚಳಕ್ಕೆ 1892ರಲ್ಲಿ ಪೇಟೆಂಟ್ ಪಡೆದವರು ವಿಲಿಯಂ ಪೇಂಟರ್, ಬಾಲ್ಟಿಮೋರಿನವರು. ಕೈಯಲ್ಲಿ ಮುಚ್ಚಳ ಹಿಡಿದ ಹುಡುಗನಿಗೆ ಅದಿರಿನ ಹಡಗಿನಿಂದ ಅಡುಗೆಮನೆಯವರೆಗಿನ ಸರಪಳಿ ಹೇಳಿ ನೋಡಿ. ಆಮದು ರಫ್ತಿನ ಕೋಷ್ಟಕ ಆಮೇಲೆ ಸುಲಭ.

ಒಳಬಂದರಿನ ವಾಸನೆಯನ್ನೂ ಬಿಡಬಾರದು. ಲೈಟ್ ಸ್ಟ್ರೀಟಿನ ಮೆಕಾರ್ಮಿಕ್ ಮಸಾಲೆ ಕಾರ್ಖಾನೆಯಿಂದ ದಾಲ್ಚಿನ್ನಿಯ ಘಮ ಬೀದಿಗಳಿಗೆ ಹರಡುತ್ತಿತ್ತು. ಎದುರು ದಡದಲ್ಲಿ 1922ರಿಂದ ಸಕ್ಕರೆ ಶುದ್ಧೀಕರಿಸುತ್ತಿದ್ದ ಡಾಮಿನೋ ಕಾರ್ಖಾನೆ. ಅದರ ದೀಪದ ಫಲಕ 1951ರಲ್ಲಿ ಬಂತು. ಕುದುರೆಗಾಡಿಯಲ್ಲಿ ಹಣ್ಣು ತರಕಾರಿ ಮಾರುವವರು ರಾಗವಾಗಿ ಕೂಗುತ್ತ ಬರುತ್ತಿದ್ದರು. ಅವರಿಗೆ ಅಲ್ಲಿ ‘ಅರಬರ್’ ಎಂದು ಹೆಸರು. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು.

ಬಿಳಿಯರ ಮೆಟ್ಟಿಲಿಗೆ ತರಕಾರಿ ತಂದವರು, ಕುಲುಮೆಯಲ್ಲಿ ಉಕ್ಕು ಬೇಯಿಸಿದವರು ಸಂಜೆ ಎಲ್ಲಿಗೆ ಹೋಗುತ್ತಿದ್ದರು? ಹುಡುಗಿ ಕೇಳಿದ್ದು ಇದನ್ನೇ. 1950ರಲ್ಲಿ ನಗರದ ನಾಲ್ವರಲ್ಲಿ ಸುಮಾರು ಒಬ್ಬರು ಕಪ್ಪು ಜನಾಂಗದವರು. 1910ರಲ್ಲಿ ಬಾಲ್ಟಿಮೋರ್ ನಗರಸಭೆ ಒಂದು ಕಟ್ಟಳೆ ಮಾಡಿತ್ತು: ಬಿಳಿಯರೇ ಹೆಚ್ಚಿರುವ ಬೀದಿಗೆ ಕಪ್ಪು ಕುಟುಂಬ, ಕಪ್ಪು ಜನರೇ ಹೆಚ್ಚಿರುವ ಬೀದಿಗೆ ಬಿಳಿಯ ಕುಟುಂಬ ವಾಸಕ್ಕೆ ಹೋಗಕೂಡದು. ಆ ದೇಶದಲ್ಲಿ ಇಂಥ ನಗರ ಕಟ್ಟಳೆಗಳಲ್ಲಿ ಅದು ಮೊದಲನೆಯದು. ಇನ್ನೊಂದು ನಗರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1917ರಲ್ಲಿ ಇಂಥ ಕಟ್ಟಳೆಗಳು ಸಲ್ಲವೆಂದಿತು. ಕಟ್ಟಳೆ ಹೋಯಿತು, ಗೆರೆ ಹೋಗಲಿಲ್ಲ. ಮನೆ ಪತ್ರಗಳಲ್ಲೇ ‘ಇಂಥವರಿಗೆ ಮಾರುವಂತಿಲ್ಲ’ ಎಂಬ ಷರತ್ತು ಸೇರಿತು. 1937ರಲ್ಲಿ ಒಕ್ಕೂಟ ಸರ್ಕಾರದ ಗೃಹಸಾಲ ಸಂಸ್ಥೆ ನಗರದ ನಕ್ಷೆಗೆ ನಾಲ್ಕು ಬಣ್ಣ ಹಚ್ಚಿತು. ಕಪ್ಪು ಜನರಿದ್ದ ಕೇರಿಗಳಿಗೆ ಕೆಂಪು, ಅಂದರೆ ಸಾಲಕ್ಕೆ ಅಪಾಯ. ಸಾಲ ಸಿಗದ ಕುಟುಂಬಗಳು ದಲ್ಲಾಳಿಗಳಿಂದ ಹೆಚ್ಚು ಬೆಲೆಗೆ ಕಂತಿನ ಕರಾರಿನಲ್ಲಿ ಮನೆ ಹಿಡಿಯಬೇಕಾಯಿತು. ಕಂತು ತಪ್ಪಿದರೆ ಕಟ್ಟಿದ ಹಣವೂ ಹೋಯಿತು, ಮನೆಯೂ ಹೋಯಿತು. ಉಳಿದವರಿಗೆ ಹಿಂದಿನ ಓಣಿಗಳ ಪುಟ್ಟ ಮನೆಗಳು. ಎಷ್ಟೋ ಮನೆಗಳ ಒಳಗೆ ಶೌಚಾಲಯವೇ ಇರಲಿಲ್ಲ.

ಕಾರ್ಖಾನೆಯೇ ಕಟ್ಟಿಸಿದ್ದ ಸ್ಪ್ಯಾರೋಸ್ ಪಾಯಿಂಟ್ ಊರಿನಲ್ಲಿ ಇದು ಇನ್ನೂ ಸ್ಪಷ್ಟ. ಬೀದಿಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು. ಮೇಲಧಿಕಾರಿಗಳು ಬಿ, ಸಿ ಬೀದಿಗಳಲ್ಲಿ. ನಂತರದ ಅಕ್ಷರಗಳಲ್ಲಿ ಮೇಸ್ತ್ರಿಗಳು, ಬಿಳಿಯ ಕಾರ್ಮಿಕರು. ತೊರೆಯಾಚೆಗೆ ಐ, ಜೆ, ಕೆ ಬೀದಿಗಳಲ್ಲಿ ಕಪ್ಪು ಕಾರ್ಮಿಕರು. ಹಲಗೆಯ ಮೇಲೆ ಅಕ್ಷರಗಳನ್ನು ಒಂದರ ಕೆಳಗೊಂದು ಬರೆದರೆ ಊರಿನ ನಕ್ಷೆ ಸಿದ್ಧ.

ಕಾರ್ಖಾನೆಯ ಒಳಗೂ ಅದೇ. ಕಲ್ಲಿದ್ದಲು ಸುಟ್ಟು ಕೋಕ್ ಮಾಡುವ ಒಲೆಗಳಂಥ ಅತಿ ಬಿಸಿಯ, ಅತಿ ಕೊಳಕಿನ ಕೆಲಸಗಳಿಗೆ ಕಪ್ಪು ಕಾರ್ಮಿಕರು. ಬೇರೆ ವಿಭಾಗಕ್ಕೆ ಹೋಗಬಹುದಲ್ಲ ಎಂದರೆ, ಸೇವಾ ಹಿರಿತನದ ಲೆಕ್ಕ ಆಯಾ ವಿಭಾಗಕ್ಕೇ ಸೀಮಿತ. ಹೋದವನು ಹೊಸಬನಾಗಿ ಮೊದಲಿಂದ ಶುರುಮಾಡಬೇಕು. ವರ್ಗಾವಣೆ, ಜ್ಯೇಷ್ಠತಾ ಪಟ್ಟಿಗಳ ನಡುವೆಯೇ ಬದುಕುವ ಶಿಕ್ಷಕರಾದ ನಮಗೆ ಈ ಬೀಗ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಉಕ್ಕಿನ ಕಂಪನಿಗಳು, ಕಾರ್ಮಿಕ ಸಂಘ ಮತ್ತು ಸರ್ಕಾರದ ನಡುವೆ ನ್ಯಾಯಾಲಯದ ಮುಂದೆ ಒಪ್ಪಂದವಾಗಿ ಅದು ಸಡಿಲವಾಗತೊಡಗಿದ್ದು 1974ರಲ್ಲಿ.

ಬಾಲ್ಟಿಮೋರಿನಲ್ಲೇ 1908ರಲ್ಲಿ ಹುಟ್ಟಿದ ವಕೀಲ ಥರ್‌ಗುಡ್ ಮಾರ್ಷಲ್, ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದರ ವಿರುದ್ಧ ವಾದಿಸಿ 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅದೇ ಸೆಪ್ಟೆಂಬರಿನಲ್ಲಿ ಅವರ ಊರಿನ ಶಾಲೆಗಳು ಕಾನೂನಿನ ಪ್ರಕಾರ ಎಲ್ಲರಿಗೂ ತೆರೆದವು. ಆದರೆ ಮಗು ಯಾವ ಶಾಲೆಗೆ ಹೋಗುತ್ತದೆ ಎಂಬುದನ್ನು ಮನೆ ಇರುವ ಬೀದಿ ನಿರ್ಧರಿಸುತ್ತದೆ. ಪಶ್ಚಿಮದ ಎಡ್ಮಂಡ್ಸನ್ ವಿಲೇಜ್ ಬಡಾವಣೆಗೆ ಕಪ್ಪು ಕುಟುಂಬಗಳು ಬರತೊಡಗಿದಾಗ ದಲ್ಲಾಳಿಗಳು ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಕೊಂಡು, ಬಂದವರಿಗೆ ದುಬಾರಿಗೆ ಮಾರಿದರು. 1955ರಿಂದ ಹತ್ತು ವರ್ಷಗಳಲ್ಲಿ ಬಿಳಿಯರು ಬಹುಪಾಲು ಖಾಲಿ ಮಾಡಿದರು.

ಮುಂದಿನದನ್ನು ಬೇಗ ಹೇಳಬಹುದು. ಸರಕು ಪೆಟ್ಟಿಗೆಗಳು ಬಂದು ಹಡಗುಕಟ್ಟೆಯ ಕೂಲಿಗಳ ಸಂಖ್ಯೆ ಕುಗ್ಗಿತು. 1970ರ ದಶಕದ ಆರಂಭದಲ್ಲಿ ಅಕ್ಷರದ ಬೀದಿಗಳ ಊರನ್ನು ಕೆಡವಿ ಕಾರ್ಖಾನೆಯನ್ನು ವಿಸ್ತರಿಸಿದರು. 2012ರಲ್ಲಿ ಕಾರ್ಖಾನೆಯೇ ಮುಚ್ಚಿತು. 2020ರಲ್ಲಿ ನಗರದ ಜನಸಂಖ್ಯೆ 5,85,708.

ಇಷ್ಟೆಲ್ಲ ನಲವತ್ತು ನಿಮಿಷಕ್ಕೆ ಹಿಡಿಸುವುದಿಲ್ಲವೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹಿಡಿಸುವುದಿಲ್ಲ. ಎರಡು ಅವಧಿ ಬೇಕು. ಇಲ್ಲವೇ ಮೆಟ್ಟಿಲು, ಮುಚ್ಚಳ, ಅಕ್ಷರದ ಬೀದಿಗಳು, ಈ ಮೂರನ್ನು ಉಳಿಸಿಕೊಂಡು ಕೋಷ್ಟಕಗಳನ್ನು ಬಿಡಬೇಕು. ನಾನಾದರೆ ಕೋಷ್ಟಕ ಬಿಡುತ್ತೇನೆ.

ವಾರದ ನಂತರ ಅದೇ ಪ್ರಶಿಕ್ಷಣಾರ್ಥಿ ‘ಬಿ’ ವಿಭಾಗದಲ್ಲಿ ಈ ಪಾಠವನ್ನು ಮರಳಿ ಮಾಡಿದರು. ಅದಕ್ಕೂ ಮುಂಚೆ ‘ಎ’ ವಿಭಾಗಕ್ಕೆ ಹೋಗಿ ಆ ಹುಡುಗಿಗೆ, “ಅವತ್ತು ನೀನು ಕೇಳಿದ್ದಕ್ಕೆ ಉತ್ತರ ತಂದಿದೀನಮ್ಮ” ಎಂದರಂತೆ. ‘ಬಿ’ ವಿಭಾಗದಲ್ಲಿ ಅಕ್ಷರದ ಬೀದಿಗಳನ್ನು ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, “ಮಿಸ್, ನಮ್ಮೂರಲ್ಲೂ ಹಿಂಗೇ ಬರೀಬಹುದಲ್ವಾ?” ಎಂದ. ಆಕೆ ಒಂದು ಕ್ಷಣ ನನ್ನ ಕಡೆ ನೋಡಿ, ಆಮೇಲೆ ಸೀಮೆಸುಣ್ಣವನ್ನು ಅವನಿಗೆ ಕೊಟ್ಟರು.