ಬೀನ್ಸ್ ಡಬ್ಬಿ ಮತ್ತು ಊರೆಲ್ಲ ತಿರುಗಿದ ಖಣ

ಮರುದಿನ ನಸುಕಿಗೆ ಹೈದರಾಬಾದಿನ ಶಂಶಾಬಾದ್ ನಿಲ್ದಾಣದಿಂದ ವಿದೇಶಕ್ಕೆ ಹೊರಟ ಅಕ್ಕನ ಮಗನ ವಿಮಾನ. ರಾತ್ರಿ ಅವನ ಪೆಟ್ಟಿಗೆ ತೂಗುತ್ತಿದ್ದೆವು. ಶೇಂಗಾ ಚಟ್ನಿಪುಡಿ, ಕರದಂಟು, ಅಕ್ಕ ಕಟ್ಟಿಕೊಟ್ಟ ಖಡಕ್ ರೊಟ್ಟಿ ಎಲ್ಲ ಸೇರಿ ತೂಕ ಮಿತಿ ಮುಟ್ಟಿತ್ತು. ‘ಮಾಮಾ, ಒಂದ್ ಪಾವ್ ಕಿಲೋ ಜಾಗ ಬಿಡ್ರಿ. ಅಡವ್ಯಾಗಿನ ಡಬ್ಬಿಗೆ ಇಡಾಕ ಏನರ ಒಯ್ಯಬೇಕು’ ಅಂದ.

ಜಿಯೋಕ್ಯಾಶಿಂಗ್ ಅವನ ಭಾನುವಾರದ ಹುಚ್ಚು. ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕಬೇಕು, ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಇಷ್ಟವಾದ ವಸ್ತು ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಸಮನಾದದ್ದನ್ನೋ ಮಿಗಿಲಾದದ್ದನ್ನೋ ಇಟ್ಟು ಬರಬೇಕು. ಈ ಕೊನೆಯ ನಿಯಮ ಕೇಳಿ ನನ್ನ ಕಿವಿ ನೆಟ್ಟಗಾಯಿತು. ಇದು ಹುಟ್ಟಿದ್ದು ಹೇಗೆಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಒಂದು ಬೀನ್ಸ್ ಡಬ್ಬಿ.

ಅಮೆರಿಕದ ಸೇನೆ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಬಿಡುತ್ತಿತ್ತು. 2000ದ ಮೇ 2ರಂದು ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಆ ಮಸುಕನ್ನು ತೆಗೆದರು. ನೂರು ಮೀಟರ್ ಆಚೀಚೆ ತೋರಿಸುತ್ತಿದ್ದ ಯಂತ್ರ ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿಗೆ ಬಂತು. ಮರುದಿನವೇ ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ತಜ್ಞ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ರಸ್ತೆ ಬದಿಯ ಕಾಡಿನಲ್ಲಿ ಕಪ್ಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅರ್ಧ ಹೂತು, ಅದರ ಅಕ್ಷಾಂಶ ರೇಖಾಂಶವನ್ನು ಸಾರಿದ. ಒಳಗೆ ನಕಾಶೆಯ ಸಾಫ್ಟ್‌ವೇರ್, ವಿಡಿಯೊ, ಪುಸ್ತಕ, ಸ್ವಲ್ಪ ದುಡ್ಡು, ಒಂದು ಕವಣೆ. ಜೊತೆಗೆ ತಿನ್ನಲೆಂದು ಇಟ್ಟ ಬೀನ್ಸ್ ಡಬ್ಬಿ. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ ಎಂಬುದಷ್ಟೇ ಅವನ ಷರತ್ತು.

ಮೂರು ದಿನದೊಳಗೆ ಮೈಕ್ ಟೀಗ್ ಎಂಬಾತ ಬಕೆಟ್ ಪತ್ತೆ ಹಚ್ಚಿದ. ಅವನು ತೆಗೆದುಕೊಂಡಿದ್ದು ದುಡ್ಡು. ಇಟ್ಟಿದ್ದು ಸಿಗರೇಟು, ಒಂದು ಕ್ಯಾಸೆಟ್, ಒಂದು ಪೆನ್ನು! ಈ ಲೆಕ್ಕಕ್ಕೆ ನಾನು ಎಷ್ಟೋ ಹೊತ್ತು ನಕ್ಕಿದ್ದೇನೆ. ಈ ಆಟದ ಮೊದಲ ವಿನಿಮಯದಲ್ಲೇ ನಗದು ಹೋಗಿ ಜೇಬಿನಲ್ಲಿದ್ದ ಸಾಮಾನು ಬಂತು. ಮಕ್ಕಳೂ ಆಡುವ ಆಟ ಆಗಿರುವುದರಿಂದ ಇವತ್ತಾದರೆ ಆ ಸಿಗರೇಟಿಗೂ ಜಾಗವಿಲ್ಲ, ಬೀನ್ಸಿಗೂ ಇಲ್ಲ. ತಿನಿಸಿನ ವಾಸನೆಗೆ ಪ್ರಾಣಿಗಳು ಡಬ್ಬಿ ಕಿತ್ತು ಹಾಕುತ್ತವೆ. ಅಲ್ಮರ್ ಇಟ್ಟ ‘ಸ್ಟ್ಯಾಶ್’ ಎಂಬ ಹೆಸರಿಗೆ ಮಾದಕ ವಸ್ತು ಬಚ್ಚಿಡುವವರ ವಾಸನೆ ಇದೆಯೆಂದು ಆ ತಿಂಗಳು ಮುಗಿಯುವುದರೊಳಗೆ ಮ್ಯಾಟ್ ಸ್ಟಮ್ ಎಂಬಾತ ‘ಜಿಯೋಕ್ಯಾಶ್’ ಪದ ಸೂಚಿಸಿದ. ಆಮೇಲಿನದು ಬರೀ ಸಂಖ್ಯೆಯ ಕಥೆ, ಈಗ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚು.

ಡಬ್ಬಿ ಹೆಚ್ಚಿದಂತೆ ಒಳಗಿನ ಸಾಮಾನು ಸೊರಗಿತು. ಮುರಿದ ಪ್ಲಾಸ್ಟಿಕ್ ಆಟಿಕೆ, ಅವಧಿ ಮುಗಿದ ಕೂಪನ್, ತುಕ್ಕು ಹಿಡಿದ ಕೀ ಚೈನು ಇವೇ ಹೆಚ್ಚೆಂದು ಹುಡುಗ ಗೊಣಗುತ್ತಾನೆ. ಎಷ್ಟೋ ಕಡೆ ಫಿಲ್ಮ್ ರೋಲಿನ ಡಬ್ಬಿಯಷ್ಟು ಚಿಕ್ಕದರಲ್ಲಿ ಸುರುಳಿ ಕಾಗದ ಮಾತ್ರ. ‘ಏನೂ ಒಯ್ಯಲಿಲ್ಲ, ಏನೂ ಇಡಲಿಲ್ಲ’ ಎಂದು ಬರೆಯಲು ಅವರಲ್ಲಿ ನಾಲ್ಕಕ್ಷರದ ಸಂಕ್ಷಿಪ್ತ ರೂಪವೇ ಇದೆಯಂತೆ.

ನನಗೆ ಅವ್ವನ ಟ್ರಂಕು ನೆನಪಾಯಿತು. ನೆರೆಮನೆಯಿಂದ ಹುಗ್ಗಿ ಬಂದ ಪಾತ್ರೆಯನ್ನು ಅವ್ವ ಖಾಲಿ ಕೊಟ್ಟವಳಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು. ಇದೇ ಅವ್ವ ಉಡಿ ತುಂಬಿಸಿಕೊಂಡು ಬಂದಾಗ ಸಿಕ್ಕ ಖಣ ಒಳ್ಳೆಯದಿದ್ದರೆ ಹೊಲಿಸಿಕೊಳ್ಳುತ್ತಿದ್ದಳು, ಬಣ್ಣಗೆಟ್ಟದ್ದಿದ್ದರೆ ಟ್ರಂಕಿಗೆ ಹಾಕಿ ಮುಂದಿನ ಮುತ್ತೈದೆಗೆ ದಾಟಿಸುತ್ತಿದ್ದಳು. ಹಾಗೆ ದಾಟಿಸಿದ ಒಂದು ಕಂದು ಖಣ ಎರಡು ವರ್ಷ ಊರು ಸುತ್ತಿ, ಅದೇ ಮೂಲೆಯ ಶಾಯಿ ಕಲೆಯೊಂದಿಗೆ ನಮ್ಮನೆಗೇ ಮರಳಿತು. ಗುಳೇದಗುಡ್ಡದ ಅಸಲಿ ಖಣ ಮಾತ್ರ ಯಾವ ಮನೆಯಿಂದಲೂ ಹೊರಬೀಳುತ್ತಿರಲಿಲ್ಲ. ಹುಡುಗ ಹುಡುಕುವ ಕಾಡಿನ ಡಬ್ಬಿಗಳಲ್ಲೂ ನಡೆದಿರುವುದು ಇದೇ. ಚೆಲುವಾದದ್ದು ಮೊದಲು ಬಂದವನ ಪಾಲು, ಉಳಿದದ್ದು ಕಂದು ಖಣ.

ಹಾಗಾದರೆ ಹುಡುಗನ ಕೈಯಲ್ಲಿ ಏನು ಕೊಡುವುದು? ಬಿದರಿಯ ಪದಕ ಕೊಡೋಣವೆಂದಳು ನನ್ನ ಹೆಂಡತಿ. ಸತು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ್ದನ್ನು ಒಂದು ಪೆನ್ನಿನ ಬದಲಿಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಲಾಡ್ ಬಜಾರಿನ ಬಳೆ ಅರಗಿನದು. ನಮ್ಮ ಏಪ್ರಿಲ್ ಬಿಸಿಲಿನ ಡಬ್ಬಿಯಲ್ಲಿ ಮೆತ್ತಗಾದೀತು, ಅವರ ತಂಪು ಕಾಡಿಗಾದರೆ ಅಡ್ಡಿಯಿಲ್ಲ. ಉಸ್ಮಾನಿಯಾ ಬಿಸ್ಕತ್ತು ತಿನ್ನುವ ವಸ್ತು, ಆದ್ದರಿಂದ ಬೇಡ. ನಿಜಾಮರ ಕಾಲದ ಹಾಲಿ ಸಿಕ್ಕಾ ಚಿಲ್ಲರೆ ನನ್ನಲ್ಲಿ ಬೊಗಸೆಯಷ್ಟಿದೆ. ಏಳು ಹಾಲಿ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ ಎಂಬ ಲೆಕ್ಕದ ಹಣವದು. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪ್ರಾಚೀನ ವಸ್ತು, ದೇಶದಾಚೆ ಒಯ್ಯುವಂತಿಲ್ಲ. ಇಸವಿ ನೋಡಿ ನೋಡಿ 1940ರ ದಶಕದವನ್ನು ಮಾತ್ರ ಆರಿಸಿದೆ. ಜೊತೆಗೆ ಚನ್ನಪಟ್ಟಣದ ಆರು ಬುಗುರಿ. ಹಾಲೆಮರ ಹಗುರ, ಮೇಲೆ ಅರಗಿನ ಬಣ್ಣ, ಮಗುವಿನ ಕೈಗೆ ಬಿದ್ದರೆ ತಕ್ಷಣ ತಿರುಗುತ್ತದೆ. ನನ್ನ ಓಟು ಬುಗುರಿಗೇ.

‘ಇಲ್ಲೇ ಶಂಶಾಬಾದಿನ ಬಂಡೆ ಸಂದಿಯೊಳಗ ಒಂದ್ ಡಬ್ಬಿ ಇಡೋಣೇನ್ರಿ ಮಾಮಾ?’ ಎಂದು ಕೇಳಿದ. ಅವನಿರುವ ದೇಶದಲ್ಲಿ ವಿಮಾನ ನಿಲ್ದಾಣದ ಆಸುಪಾಸಿನ ಊರುಗಳಲ್ಲಿ ದೊಡ್ಡ ಡಬ್ಬಿ ಇಟ್ಟು ‘ಟ್ರಾವೆಲ್ ಬಗ್ ಹೋಟೆಲ್’ ಅನ್ನುತ್ತಾರಂತೆ. ಟ್ರಾವೆಲ್ ಬಗ್ ಎಂದರೆ ಸಂಖ್ಯೆ ಕೊರೆದ ಲೋಹದ ಬಿಲ್ಲೆ. ಅದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ, ಡಬ್ಬಿಯಿಂದ ಡಬ್ಬಿಗೆ ದಾಟಿಸಬೇಕು. 2008ರ ಮಾರ್ಚಿನಲ್ಲಿ ಇಲ್ಲಿ ನಿಲ್ದಾಣ ಶುರುವಾದ ಮೇಲೆ ದಾಟಿಸುವ ಪ್ರಯಾಣಿಕರಿಗೇನೂ ಕೊರತೆಯಿಲ್ಲ. ಆದರೆ ನಿಲ್ದಾಣದ ಹತ್ತಿರ ಡಬ್ಬಿ ಇಡಬಾರದೆಂದು ಆ ಆಟದ ನಿಯಮವೇ ಹೇಳುತ್ತದೆ. ನಿಯಮ ಇಲ್ಲದಿದ್ದರೂ ನಾನು ಬಿಡುತ್ತಿರಲಿಲ್ಲ. ಹೈದರಾಬಾದಿನ ಬಾಂಬ್ ಸ್ಫೋಟಗಳು ಇನ್ನೂ ನೆನಪಿವೆ: 2007ರ ಆಗಸ್ಟಿನಲ್ಲಿ ಲುಂಬಿನಿ ಪಾರ್ಕ್, ಗೋಕುಲ್ ಚಾಟ್. 2013ರ ಫೆಬ್ರುವರಿಯಲ್ಲಿ ದಿಲ್‌ಸುಖ್‌ನಗರ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಈ ಊರು ಇನ್ನೂ ಹತ್ತು ಹೆಜ್ಜೆ ಹಿಂದೆ ಸರಿಯುತ್ತದೆ.

ಅಲ್ಮರನ ಬಕೆಟ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹಾಳಾಯಿತು. 2003ರಲ್ಲಿ ಅದೇ ಜಾಗದಲ್ಲಿ ಸ್ಮಾರಕ ಫಲಕ ಕೂರಿಸಲು ಹೋದವರಿಗೆ ಮಣ್ಣಿನಲ್ಲಿ ಬೀನ್ಸ್ ಡಬ್ಬಿ ಸಿಕ್ಕಿತು, ತುಕ್ಕು ಹಿಡಿದು ಸೊಟ್ಟಗಾಗಿತ್ತು. ಯಾರಿಗೂ ಬೇಡವಾಗಿದ್ದ ಆ ಡಬ್ಬಿಗೂ ಆಮೇಲೆ ಒಂದು ಸಂಖ್ಯೆ ಕೊಟ್ಟು, ಆಟಗಾರರ ಸಮಾವೇಶಗಳಿಗೆ ಒಯ್ದು ತೋರಿಸತೊಡಗಿದರು.