ಕೊಟ್ಟ ಮಾತಿಗೂ ಒಂದು ಲೆಕ್ಕದ ಪುಸ್ತಕ ಬೇಕು



ಈ ಪುಟದಲ್ಲಿ ನೀವು ಹೊಗೆಸೊಪ್ಪಿನ ಸಸಿಮಡಿ, ರಾಗಿ ಬಿತ್ತನೆ, ಶುಂಠಿಯ ಕೊಳೆರೋಗ ಇವುಗಳ ಬಗ್ಗೆ ಓದುವುದು ವಾಡಿಕೆ. ಈ ವಾರದ ವಿಷಯ ಆಸ್ಪತ್ರೆ ಮತ್ತು ಬಸ್ಸು. ಕೃಷಿ ಇಲಾಖೆಯವನಿಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಬೆಳೆ ಎಷ್ಟೇ ಚೆನ್ನಾಗಿ ಬರಲಿ, ಬೆಳೆದವನು ಹಾಸಿಗೆ ಹಿಡಿದರೆ ವರ್ಷದ ದುಡಿಮೆ ಒಂದೇ ವಾರದಲ್ಲಿ ಕರಗಿಹೋಗುತ್ತದೆ. ಇಪ್ಪತ್ತು ವರ್ಷ ಹಳ್ಳಿಗಳನ್ನು ಸುತ್ತಿದ ನಾನು ಕೀಟ ರೋಗಗಳಿಂದ ಸಾಲಗಾರರಾದವರನ್ನು ಕಂಡಿದ್ದೇನೆ. ಆಸ್ಪತ್ರೆ ಖರ್ಚಿನಿಂದ ಸಾಲಗಾರರಾದವರನ್ನೂ ಅಷ್ಟೇ ಸಂಖ್ಯೆಯಲ್ಲಿ ಕಂಡಿದ್ದೇನೆ.

ಹುಣಸೂರು ತಾಲ್ಲೂಕಿನ ಒಂದು ಊರಿನಲ್ಲಿ ನಡೆದ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಬ್ಯಾರನ್ ಉರಿಯುವ ಕಾಲ, ಜಡಿಮಳೆ. ಸಂಜೆ ಹೊತ್ತು ಸೌದೆ ರಾಶಿಯಿಂದ ಕೊರಡು ಎಳೆಯುತ್ತಿದ್ದ ರೈತನೊಬ್ಬನ ಬಲಗೈಗೆ ಹಾವು ಕಚ್ಚಿತು. ಮಗ ಬೈಕಿನ ಹಿಂದೆ ಕೂರಿಸಿಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಓಡಿದ. ಅಲ್ಲಿ ವೈದ್ಯರಿರಲಿಲ್ಲ, ವಿಷ ಇಳಿಸುವ ಚುಚ್ಚುಮದ್ದೂ ಇರಲಿಲ್ಲ. ಸಂಜೆಯ ಬಸ್ಸು ನಿಂತು ಆಗಲೇ ತಿಂಗಳಾಗಿತ್ತು. ಕರೆದ ವಾಹನ ಬರುವುದು ತಡವಾಯಿತು. ಮೈಸೂರು ಮುಟ್ಟುವಾಗ ರಾತ್ರಿ ಹತ್ತು ದಾಟಿತ್ತು. ಆತನ ಜೀವ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ. ಆ ವರ್ಷದ ಹೊಗೆಸೊಪ್ಪನ್ನು ಗ್ರೇಡು ಮಾಡಿದ್ದು ಆತನ ಹೆಂಡತಿ, ನೆರೆಯವರ ಸಹಾಯದಿಂದ.

ಮರುದಿನ ಊರೆಲ್ಲ ಸೇರಿ ಕೂಗಾಡಿತು. ಬಂದವರು ಸಮಾಧಾನ ಹೇಳಿ ಭರವಸೆ ಕೊಟ್ಟು ಹೋದರು. ಹದಿನೈದು ದಿನ ಕಳೆದ ಮೇಲೆ ಎಲ್ಲರೂ ಮರೆತರು. ಮರೆಯದೆ ಉಳಿದದ್ದು ಒಂದೇ: ಊರಿನ ಹುಡುಗನೊಬ್ಬ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದ ವಿವರ. ಎಷ್ಟು ಗಂಟೆಗೆ ಕಚ್ಚಿತು, ಎಷ್ಟು ಗಂಟೆಗೆ ಕೇಂದ್ರ ತಲುಪಿದರು, ಎಷ್ಟು ಗಂಟೆಗೆ ಫೋನು ಮಾಡಿದರು, ವಾಹನ ಬಂದದ್ದು ಯಾವಾಗ ಎಂಬುದೆಲ್ಲ ಅದರಲ್ಲಿತ್ತು. ಮುಂದೆ ಕೆಲಸಕ್ಕೆ ಬಂದದ್ದು ಆ ಕಾಗದ.

ಹರಾಜು ಕಟ್ಟೆಯ ಪಾಠ

ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ, ಯೋಚಿಸಿ. ಬೇಲಿನ ತೂಕ, ಗ್ರೇಡು, ದರ ಮೂರನ್ನೂ ಚೀಟಿಯಲ್ಲಿ ನೋಡದೆ ಯಾರೂ ಮನೆಗೆ ಬರುವುದಿಲ್ಲ. ಅರ್ಧ ಕಿಲೋ ವ್ಯತ್ಯಾಸವಾದರೂ ಕೇಳುತ್ತೀರಿ. ಆದರೆ ಸರ್ಕಾರ ಕೊಟ್ಟ ಮಾತಿಗೆ ಮಾತ್ರ ಚೀಟಿಯನ್ನೂ ಕೇಳುವುದಿಲ್ಲ, ತೂಕವನ್ನೂ ನೋಡುವುದಿಲ್ಲ. ತಪ್ಪು ಇಲ್ಲಿಂದಲೇ ಶುರುವಾಗುತ್ತದೆ.

ಕಾಗದದ ಬಲವೇನೆಂದು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಹುಣಸೂರಿನ ಮಣ್ಣಿನ ಮಗ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನಿಗೆ ಭೂಮಿ ಎಂದು ಕಾನೂನು ಹೇಳಿತು. ಆದರೆ ಭೂಮಿ ತಾನಾಗಿ ಮನೆಬಾಗಿಲಿಗೆ ಬರಲಿಲ್ಲ. ಗೇಣಿದಾರ 7ನೇ ನಮೂನೆಯ ಅರ್ಜಿಯನ್ನು ಭೂ ನ್ಯಾಯಮಂಡಳಿಗೆ ಸಲ್ಲಿಸಬೇಕಾಗಿತ್ತು. ಧೈರ್ಯ ಮಾಡಿ ಅರ್ಜಿ ಹಾಕಿದವರ ಮಕ್ಕಳು ಇಂದು ಪಹಣಿ ಹಿಡಿದಿದ್ದಾರೆ. ಒಡೆಯರ ಮುಲಾಜಿಗೋ ಭಯಕ್ಕೋ ಸುಮ್ಮನಿದ್ದವರು ಅವಕಾಶ ಕಳೆದುಕೊಂಡರು. ಹಕ್ಕು ಕಾನೂನಿನಲ್ಲಿದ್ದರೂ ಅದನ್ನು ಕೈಗೆ ತಂದುಕೊಡುವುದು ಅರ್ಜಿಯೇ.

ನಿಮಗೆ ಸಲ್ಲಬೇಕಾದದ್ದು ಏನು?

ಲೆಕ್ಕ ಕೇಳುವ ಮೊದಲು ಬರಬೇಕಾದ ಬಾಕಿ ಎಷ್ಟೆಂದು ತಿಳಿದಿರಬೇಕು. ಮುಖ್ಯವಾದವು ಇವು:

ಬಯಲು ಸೀಮೆಯಲ್ಲಿ 30,000 ಜನಸಂಖ್ಯೆಗೆ, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರಮಟ್ಟದ ಮಾನದಂಡ. ಉಪಕೇಂದ್ರಕ್ಕೆ ಇದೇ ಲೆಕ್ಕ 5,000 ಮತ್ತು 3,000. ಹೆಗ್ಗಡದೇವನಕೋಟೆ, ಸರಗೂರು ಭಾಗದ ಹಾಡಿಗಳ ಜನ ಎರಡನೆಯ ಲೆಕ್ಕವನ್ನು ನೆನಪಿಡಬೇಕು. ಕಾಡಿನ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವ ಕಡೆ ಹತ್ತಿರದ ಕೇಂದ್ರವೇ ದಿಕ್ಕು.

ತುರ್ತು ವಾಹನಕ್ಕಾಗಿ 108 ಸಂಖ್ಯೆಯ ಆರೋಗ್ಯ ಕವಚ ಸೇವೆ ರಾಜ್ಯದಲ್ಲಿ 2008ರ ನವೆಂಬರಿನಲ್ಲಿ ಆರಂಭವಾಯಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಬಸುರಿಯನ್ನು ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಗತ್ಯವಿದ್ದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವುದು, ಹೆರಿಗೆಯ ನಂತರ ತಾಯಿ ಮಗುವನ್ನು ಮನೆಗೆ ಬಿಡುವುದು, ಔಷಧ, ಊಟ, ಪರೀಕ್ಷೆ ಎಲ್ಲವೂ ಉಚಿತ. ಯಾರಾದರೂ ಡೀಸೆಲ್ಲಿಗೆಂದು ಹಣ ಕೇಳಿದರೆ ಕೊಡಬೇಕಾಗಿಲ್ಲ.

ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಎಂದರೆ ಪ್ರತಿ ಪ್ರಕರಣವೂ ಲೆಕ್ಕಕ್ಕೆ ಬರಬೇಕು. ಲೆಕ್ಕಕ್ಕೆ ಬಂದರೆ ಮದ್ದಿನ ಬೇಡಿಕೆ ಎಷ್ಟೆಂದು ಮೇಲಿನವರಿಗೆ ತಿಳಿಯುತ್ತದೆ. ನಾಟಿ ಮದ್ದಿಗೆ ಹೋಗಿ ಹೊತ್ತು ಕಳೆಯಬೇಡಿ, ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ.

ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ನಿಮಗೆಲ್ಲ ಗೊತ್ತು. 2018ರಲ್ಲಿ ಅದನ್ನು ಬೇರೆ ಯೋಜನೆಯಲ್ಲಿ ಸೇರಿಸಿ ನಿಲ್ಲಿಸಲಾಯಿತು. ಮತ್ತೆ ಬೇಕೆಂಬ ಒತ್ತಾಯ ನಿಲ್ಲಲಿಲ್ಲ, 2023ರ ಜನವರಿಯಿಂದ ಅದು ಮರಳಿ ಬಂತು. ಕೇಳಿದರೆ ನಿಂತದ್ದೂ ಮರಳಿ ಬರುತ್ತದೆ ಎಂಬುದಕ್ಕೆ ಇದು ಒಂದು ನಿದರ್ಶನ.

ಇನ್ನು ಬಸ್ಸು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯ 18ನೇ ಕಲಮು ಸಾಕಷ್ಟು, ಮಿತವ್ಯಯದ, ಸುಸಂಬದ್ಧ ಸಾರಿಗೆ ಒದಗಿಸುವುದು ನಿಗಮದ ಕರ್ತವ್ಯ ಎಂದು ಹೇಳುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಒಳ್ಳೆಯದೇ ಆಯಿತು. ಆದರೆ ಊರಿಗೆ ಬಸ್ಸೇ ಬಾರದಿದ್ದರೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಶೂನ್ಯ ದರದ ಟಿಕೆಟ್ಟನ್ನೂ ತಪ್ಪದೆ ಕೇಳಿ ಪಡೆಯಿರಿ. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟ್ಟುಗಳ ಲೆಕ್ಕದ ಮೇಲೆಯೇ. ನಿಮ್ಮ ದಾರಿಯಲ್ಲಿ ಎಷ್ಟು ಜನ ಓಡಾಡುತ್ತಾರೆ ಎಂಬುದಕ್ಕೂ ಅದೇ ಸಾಕ್ಷಿ.

ಒಬ್ಬ ಕೂಲಿಕಾರನ ಮೊಕದ್ದಮೆ

"ಸರ್ಕಾರದ ಹತ್ತಿರ ಹಣವಿಲ್ಲವಂತೆ, ನಾವೇನು ಮಾಡಲಾದೀತು" ಎನ್ನುವವರಿದ್ದಾರೆ. ಅವರು ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕೃಷಿ ಕೂಲಿಕಾರನ ಕಥೆ ಕೇಳಬೇಕು. 1992ರ ಜುಲೈನಲ್ಲಿ ಆತ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿಲ್ಲ, ಕಲ್ಕತ್ತೆಯ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ ಎಂಬ ಉತ್ತರ. ಕೊನೆಗೆ ಖಾಸಗಿ ಆಸ್ಪತ್ರೆಗೆ ಸೇರಿ ಸಾವಿರಾರು ರೂಪಾಯಿ ತೆತ್ತು ಬದುಕಿದ. ಆತ ಸದಸ್ಯನಾಗಿದ್ದ ಕೃಷಿ ಕೂಲಿಕಾರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು. ಸರ್ಕಾರಿ ಆಸ್ಪತ್ರೆ ಸಕಾಲದಲ್ಲಿ ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಚ್ಯುತಿ, ಹಣದ ಅಡಚಣೆ ಇದಕ್ಕೆ ನೆಪವಾಗದು ಎಂದು ನ್ಯಾಯಾಲಯ ಹೇಳಿತು. 25,000 ರೂಪಾಯಿ ಪರಿಹಾರ ಕೊಡಿಸಿತು. ಬೇರೆ ರಾಜ್ಯಗಳೂ ಇದರಂತೆ ಕ್ರಮ ಕೈಗೊಳ್ಳಬೇಕೆಂಬ ನಿರೀಕ್ಷೆಯನ್ನೂ ತೀರ್ಪಿನಲ್ಲಿ ಬರೆಯಿತು.

ಒಬ್ಬನೇ ಕೂಲಿಕಾರ ಈ ಕೆಲಸ ಮಾಡಲಾಗುತ್ತಿರಲಿಲ್ಲ. ಅವನ ಹಿಂದೆ ಸಂಘವಿತ್ತು, ಯಾವ ಆಸ್ಪತ್ರೆಗೆ ಯಾವಾಗ ಹೋದರು ಎಂಬ ಲೆಕ್ಕವಿತ್ತು. ಈ ಎರಡೂ ನಿಮ್ಮ ಊರಿನಲ್ಲಿ ಸಾಧ್ಯ.

ಲೆಕ್ಕ ಕೇಳುವ ಕ್ರಮ

1. ವಾಚನಾಲಯದಲ್ಲಿ 200 ಪುಟದ ಒಂದು ನೋಟು ಪುಸ್ತಕ ಇಡಿ. ಒಂದು ಕಡೆ ಬಸ್ಸು, ಇನ್ನೊಂದು ಕಡೆ ಆಸ್ಪತ್ರೆ. ಬಸ್ಸು ಬಂದ ಹೊತ್ತು, ಬಾರದ ದಿನ. ಕೇಂದ್ರದಲ್ಲಿ ವೈದ್ಯರಿಲ್ಲದ ದಿನ, ಸಿಗದ ಔಷಧ. 108ಕ್ಕೆ ಕರೆ ಮಾಡಿದ ಹೊತ್ತು, ವಾಹನ ಬಂದ ಹೊತ್ತು. ಕಂಡದ್ದನ್ನು ಮಾತ್ರ ಬರೆಯಿರಿ. ಕೇಳಿದ ಸುದ್ದಿ ಬೇಡ.

2. ಗ್ರಾಮದಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುತ್ತದೆ. ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ಎಂದು ಕೇಳಿ. ಮೂರು ತಿಂಗಳ ಪುಸ್ತಕ ಹಿಡಿದು ಆ ಸಭೆಗೆ ಹೋಗಿ.

3. ಆರು ತಿಂಗಳಿಗೊಮ್ಮೆ ನಡೆಯಬೇಕಾದ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ, ಪ್ರತಿ ಪಡೆಯಿರಿ. ನಡಾವಳಿಯಲ್ಲಿ ಬರೆಯದ ಮಾತು ಗಾಳಿಗೆ ತೂರಿದ ಹೊಟ್ಟು.

4. ಬಸ್ಸಿನ ದೂರನ್ನು ಘಟಕ ವ್ಯವಸ್ಥಾಪಕರಿಗೆ, ಅಲ್ಲಿ ಆಗದಿದ್ದರೆ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಿ. ಆಸ್ಪತ್ರೆಯದನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ, ನಂತರ ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಸರ್ಕಾರದ ಸಹಾಯವಾಣಿ 1902ಕ್ಕೆ ದೂರು ಹೇಳಿದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

5. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೇಲಿನ ಅಧಿಕಾರಿಗೆ 30 ದಿನದೊಳಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಪ್ರಶ್ನೆ ಕೇಳುವ ರೀತಿ ಮುಖ್ಯ. "ನಮ್ಮೂರಿಗೆ ಬಸ್ಸು ಏಕೆ ಬರುವುದಿಲ್ಲ?" ಎಂದರೆ ಉತ್ತರ ಜಾರಿಹೋಗುತ್ತದೆ. "ಈ ಮಾರ್ಗದಲ್ಲಿ ಕಳೆದ ಮೂರು ತಿಂಗಳಲ್ಲಿ ನಿಗದಿಯಾದ ಟ್ರಿಪ್ ಎಷ್ಟು, ಓಡಿದ್ದು ಎಷ್ಟು, ರದ್ದಾದ ಟ್ರಿಪ್‌ಗಳ ದಿನಾಂಕ ಮತ್ತು ದಾಖಲಾದ ಕಾರಣಗಳ ಪ್ರತಿ ಕೊಡಿ" ಎಂದು ಕೇಳಿ. ಹಾಗೆಯೇ ಚುಚ್ಚುಮದ್ದಿನ ದಾಸ್ತಾನು ಪುಸ್ತಕದ ಪ್ರತಿ ಕೇಳಿ.

6. ಶಾಸಕರ ಬಳಿ ಹೋದಾಗ ಹಾರ ಹಾಕಿ ಬರಬೇಡಿ. ಸದನದಲ್ಲಿ ಪ್ರಶ್ನೆ ಕೇಳುವಂತೆ ಲಿಖಿತ ಮನವಿ ಕೊಡಿ. ಸದನದಲ್ಲಿ ಸಚಿವರು ಮಾಡಿಸುತ್ತೇವೆ ಎಂದರೆ ಅದು ಬರಿ ಮಾತಲ್ಲ. ಅದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಎಂಬುದೇ ಇದೆ. ತಾಲ್ಲೂಕಿನ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲೂ ನಿಮ್ಮ ಅಂಕಿಅಂಶ ಚರ್ಚೆಯಾಗುವಂತೆ ಅವರನ್ನು ಕೇಳಿ.

ಎಚ್ಚರಿಕೆಯ ಮಾತು

ಕೆಲವು ತಪ್ಪುಗಳನ್ನು ಮಾಡಬಾರದು. ರಾತ್ರಿ ಒಬ್ಬಳೇ ಇರುವ ದಾದಿಯನ್ನು, ಕಂಡಕ್ಟರನ್ನು, 108ರ ಚಾಲಕನನ್ನು ಬೈಯುವುದರಿಂದ ಏನೂ ಆಗದು. ವೈದ್ಯರ ಹುದ್ದೆ ಖಾಲಿಯಿದ್ದರೆ ಆ ತಪ್ಪು ದಾದಿಯದಲ್ಲ. ಬಸ್ಸು ಕಡಿಮೆಯಿದ್ದರೆ ಕಂಡಕ್ಟರು ಹೊಸದನ್ನು ತರಲಾರ. ಬಾಕಿ ಯಾರು ಕೊಡಬೇಕೋ ಅವರನ್ನೇ ಕೇಳಬೇಕು. ಪಕ್ಷ, ಜಾತಿ, ಕೇರಿಯ ಭೇದ ಪುಸ್ತಕದೊಳಗೆ ಬರಬಾರದು. ಬಂದ ದಿನವೇ ಪುಸ್ತಕ ಸತ್ತಂತೆ. ಕೆಲಸ ಚೆನ್ನಾಗಿ ನಡೆದ ದಿನವನ್ನೂ ಬರೆಯಿರಿ. ಆಗ ನಿಮ್ಮ ಲೆಕ್ಕಕ್ಕೆ ಬೆಲೆ ಬರುತ್ತದೆ.

ನಾನೂ ಸರ್ಕಾರದ ಸಂಬಳ ಪಡೆಯುವವನು. ಒಂದು ವರ್ಷ ನಾನಿದ್ದ ಕಚೇರಿಗೆ ಬಿತ್ತನೆ ಬೀಜ ತಡವಾಗಿ ಬಂತು. ವಯಸ್ಸಾದ ರೈತರೊಬ್ಬರು ಮಳೆ ಬಿದ್ದ ತಾರೀಖು, ತಾವು ಬಂದುಹೋದ ತಾರೀಖುಗಳನ್ನು ಚೀಟಿಯಲ್ಲಿ ಬರೆದು ನನ್ನ ಮೇಜಿನ ಮೇಲಿಟ್ಟು, "ಸ್ವಾಮಿ, ಇದಕ್ಕೆ ಏನು ಹೇಳುತ್ತೀರಿ?" ಎಂದರು. ಕೂಗಿದ್ದರೆ ನಾನೂ ಕೂಗಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಆ ಚೀಟಿಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಅದನ್ನೇ ಲಗತ್ತಿಸಿ ಮೇಲಿನವರಿಗೆ ಬರೆದೆ. ಮುಂದಿನ ವರ್ಷ ಬೀಜ ಮಳೆಗೆ ಮೊದಲೇ ಬಂತು.

ಮೊದಲು ಹೇಳಿದ ಊರಿನಲ್ಲಿ ಏನಾಯಿತು ಎಂದು ಕೇಳುತ್ತೀರಿ. ಹುಡುಗನ ಕಾಗದ ಗ್ರಾಮಸಭೆಯ ನಡಾವಳಿಗೆ ಸೇರಿತು, ಅಲ್ಲಿಂದ ತಾಲ್ಲೂಕಿಗೆ ಹೋಯಿತು. ಎರಡು ಜ್ಞಾಪನಾ ಪತ್ರಗಳ ನಂತರ ಆರೋಗ್ಯ ಕೇಂದ್ರಕ್ಕೆ ಚುಚ್ಚುಮದ್ದು ಬಂತು. ಸಂಜೆಯ ಬಸ್ಸು ವಾರದಲ್ಲಿ ಮೂರು ದಿನ ಮಾತ್ರ ಬರುತ್ತದೆ. ಉಳಿದ ನಾಲ್ಕು ದಿನದ ಲೆಕ್ಕ ಈಗಲೂ ಪುಸ್ತಕದಲ್ಲಿ ಏರುತ್ತಿದೆ. ಬೆರಳು ಕಳೆದುಕೊಂಡ ರೈತ ವಾಚನಾಲಯಕ್ಕೆ ಬಂದು ದಿನವೂ ಹೊತ್ತು ಬರೆಯುತ್ತಾನೆ, ಎಡಗೈಯಲ್ಲಿ.

ನಿಮ್ಮ ಊರಿನ ಪುಸ್ತಕ ನಾಳೆಯೇ ಶುರುವಾಗಲಿ. ಮೊದಲ ಸಾಲು ಬೆಳಗಿನ ಬಸ್ಸಿನದು.