ಸೇಲಂ ಪಟ್ಟಣದ ಹಬ್ಬವೂ ಅದರ ಹಳೆಯ ಋಣವೂ

ಉದ್ಯೋಗನಿಮಿತ್ತವಾಗಿ ಬಾಸ್ಟನ್ ಪ್ರಾಂತದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ನಾಲ್ಕಾರು ತಿಂಗಳಿದ್ದು ಬರುವ ಹಿರಿಯರು ಈಗ ನಮ್ಮ ಊರುಗಳಲ್ಲಿ ಒಬ್ಬಿಬ್ಬರಲ್ಲ. ಶರತ್ಕಾಲದಲ್ಲಿ ಅಲ್ಲಿದ್ದವರನ್ನು ಮಕ್ಕಳು ಮೊಮ್ಮಕ್ಕಳು ಕೈಹಿಡಿದು ಕರೆದೊಯ್ಯುವ ಸ್ಥಳಗಳಲ್ಲಿ ಸೇಲಂ ಎಂಬುದೂ ಒಂದು. ಇದು ನಮ್ಮ ನೆರೆಯ ತಮಿಳುನಾಡಿನ ಸೇಲಂ ಅಲ್ಲ. ಬಾಸ್ಟನ್ನಿಗೆ ಉತ್ತರದಲ್ಲಿ, ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದೂರದಲ್ಲಿ, ಸಮುದ್ರದಂಡೆಯ ಮೇಲೆ 1626ರಲ್ಲಿ ಹುಟ್ಟಿದ ಊರು. ಮರಳಿ ಬಂದವರು ಮೊನೆಟೋಪಿಯ ಮಾಟಗಾತಿಯರ ಪಕ್ಕದಲ್ಲಿ ತಾವು ನಿಂತ ಚಿತ್ರಗಳನ್ನು ತೋರಿಸಿ ನಗುವುದುಂಟು. ನಾವೂ ನಕ್ಕಿದ್ದೇವೆ. ಆದರೆ ಆ ಊರಿನ ಚರಿತ್ರೆಯನ್ನು ತಿಳಿದಂತೆಲ್ಲ ನಗುವಿನ ಜತೆಗೆ ವಿಚಾರವೂ ಹುಟ್ಟಬೇಕಾದುದು ನ್ಯಾಯವೆಂದು ನಮಗೆ ತೋರಿರುವುದರಿಂದ, ಆ ವಿಷಯವನ್ನು ಈ ದಿನ ವಾಚಕರ ಮುಂದಿಡುತ್ತೇವೆ.

ಆ ಸೀಮೆಯಲ್ಲಿ ಅಕ್ಟೋಬರ್ ಮಾಸವು ವರ್ಷದ ಅತಿ ರಮ್ಯವಾದ ಕಾಲ. ಚಳಿಯು ಇನ್ನೂ ಕಚ್ಚುವಷ್ಟಿಲ್ಲ; ಹಗಲು ಕಿರಿದಾಗುತ್ತ ಬಂದಂತೆ ಮರಗಳ ಎಲೆಗಳಲ್ಲಿ ಹಸುರು ಬಣ್ಣವನ್ನು ಕೊಡುವ ದ್ರವ್ಯವು ಕರಗಿ, ಒಳಗಿದ್ದ ಹಳದಿಯು ಹೊರಬೀಳುತ್ತದೆ; ಮೇಪಲ್ ಮರಗಳಂತೂ ಕೆಂಪು ತಳೆದು ಉರಿಯುವಂತೆ ಕಾಣುತ್ತವೆ. ಈ ವರ್ಣವೈಭವವನ್ನು ನೋಡುವುದಕ್ಕಾಗಿಯೇ ಜನರು ಕುಟುಂಬಸಮೇತರಾಗಿ ಹೊರಡುತ್ತಾರೆ. ಸೇಬಿನ ತೋಟಗಳಿಗೆ ಹೋಗಿ ಹಣ್ಣನ್ನು ತಾವೇ ಕಿತ್ತು ಚೀಲ ತುಂಬಿಕೊಳ್ಳುವುದು, ಹೊಲದಲ್ಲಿ ಸಾಲಾಗಿಟ್ಟ ಸಿಹಿಗುಂಬಳಗಳಲ್ಲಿ ಮಗುವಿಗೆ ಒಪ್ಪಿದುದನ್ನು ಆರಿಸುವುದು, ಸೇಬಿನ ರಸವನ್ನು ಕುಡಿಯುವುದು ಇವೇ ಆ ವಿಹಾರದ ಅಂಗಗಳು. ಸೇಲಮಿಗೆ ಅಂಟಿಕೊಂಡಿರುವ ಪೀಬಡಿ ಎಂಬ ಊರಿನಲ್ಲಿ ಇಂತಹ ಒಂದು ತೋಟವು ನಗರಸಭೆಯ ಸ್ವತ್ತಾಗಿಯೇ ಇದೆ. ಜನರ ವಿನೋದವೂ ಒಂದು ಸಾರ್ವಜನಿಕ ಕಾರ್ಯವೆಂದು ತಿಳಿದ ನಗರಸಭೆಯ ದೂರದೃಷ್ಟಿಯನ್ನು ನಾವು ಮೆಚ್ಚುತ್ತೇವೆ.

ಈ ಮಾಸದ ಕೊನೆಯ ರಾತ್ರಿಯೇ ಹ್ಯಾಲೋವೀನ್. ಐರ್ಲೆಂಡ್ ಸ್ಕಾಟ್ಲೆಂಡುಗಳ ಪುರಾತನ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯಲ್ಲಿ ಸತ್ತವರ ಆತ್ಮಗಳು ಮನೆಗಳ ಬಳಿಗೆ ಬರುವುವೆಂದು ನಂಬಿದ್ದರು. ಕ್ರೈಸ್ತಮತವು ಬಂದ ಮೇಲೆ ನವೆಂಬರ್ 1ನೆಯ ತಾರೀಖು ಸಕಲ ಸಂತರ ದಿನವಾಯಿತು. ಅದರ ಹಿಂದಿನ ಸಂಜೆಯಲ್ಲಿ ಹಳೆಯ ನಂಬಿಕೆಯು ಉಳಿದುಕೊಂಡಿತು. ನಮ್ಮಲ್ಲಿ ಮಹಾಲಯ ಪಕ್ಷವು ಹೆಚ್ಚುಕಡಿಮೆ ಇದೇ ಋತುವಿನಲ್ಲಿಯೇ ಬರುವುದನ್ನು ನೆನೆದರೆ, ಬೆಳಕು ಇಳಿಮುಖವಾಗುವ ಹೊತ್ತಿಗೆ ಗತಿಸಿದವರನ್ನು ನೆನೆಯುವುದು ಮಾನವಸಹಜವೆಂದು ತೋರುತ್ತದೆ. 1840ರ ದಶಕದ ಕ್ಷಾಮದಿಂದ ದಿಕ್ಕೆಟ್ಟು ಅಮೆರಿಕಕ್ಕೆ ವಲಸೆಹೋದ ಐರಿಷ್ ಜನರು ಈ ಆಚಾರವನ್ನು ಅಲ್ಲಿ ಬಹಳವಾಗಿ ಹರಡಿದರು. ಅವರು ತಮ್ಮ ನಾಡಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. ಹೊಸ ನಾಡಿನಲ್ಲಿ ಅದರ ಸ್ಥಾನವನ್ನು ಸಿಹಿಗುಂಬಳವು ಪಡೆಯಿತು. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಬೇಡುವುದು ಈಗಿನ ರೂಢಿ.

ಈ ಒಂದು ರಾತ್ರಿಯ ಆಟವು ಸೇಲಂ ಪಟ್ಟಣದಲ್ಲಿ ಒಂದು ತಿಂಗಳ ಜಾತ್ರೆಯಾಗಿದೆ. 1982ರಲ್ಲಿ ಒಂದು ವಾರಾಂತ್ಯದ ವಿನೋದವಾಗಿ ಮೊದಲಾದ ‘ಹಾಂಟೆಡ್ ಹ್ಯಾಪನಿಂಗ್ಸ್’ ಎಂಬ ಉತ್ಸವವು ಈಗ ಅಕ್ಟೋಬರ್ ಪೂರ್ತಿ ನಡೆಯುತ್ತದೆ. ಸುಮಾರು 44,000 ನಿವಾಸಿಗಳಿರುವ ಊರಿಗೆ ಈಚಿನ ವರ್ಷಗಳಲ್ಲಿ ಆ ಒಂದು ಮಾಸದಲ್ಲಿಯೇ ಹತ್ತು ಲಕ್ಷಕ್ಕೆ ಮೀರಿ ಜನರು ಬಂದಿದ್ದಾರೆ. ಊರಿನ ನಡುವಣ ಎಸೆಕ್ಸ್ ಬೀದಿಯಲ್ಲಿ ವಾಹನಗಳಿಗೆ ಎಡೆಯಿಲ್ಲದ ಭಾಗವೊಂದುಂಟು. ಅಲ್ಲಿ ವೇಷಧಾರಿಗಳೂ ಕಣಿ ಹೇಳುವವರೂ ಗಾಯಕರೂ ಪ್ರೇಕ್ಷಕರೂ ಕಿಕ್ಕಿರಿದು, ಯಾರು ನೋಡುವವರು ಯಾರು ನೋಡಿಸಿಕೊಳ್ಳುವವರು ಎಂಬ ಭೇದವೇ ಅಳಿದುಹೋಗುತ್ತದೆ. ಮಾಸಾರಂಭದಲ್ಲಿ ದೊಡ್ಡ ಮೆರವಣಿಗೆ. ಸಂಜೆಯಾದರೆ ಲಾಂದ್ರ ಹಿಡಿದ ಮಾರ್ಗದರ್ಶಿಗಳ ಹಿಂದೆ ಭೂತಕಥೆಗಳನ್ನು ಕೇಳುತ್ತ ನಡೆಯುವ ಗುಂಪುಗಳು. ಮೋಟಾರುಗಳನ್ನು ನಿಲ್ಲಿಸಲು ಸ್ಥಳವಿಲ್ಲದೆ, ರೈಲಿನಲ್ಲಿಯೇ ಬನ್ನಿರೆಂದು ನಗರಾಡಳಿತವು ಜನರನ್ನು ಪ್ರಾರ್ಥಿಸಬೇಕಾಗಿದೆ. ಆ ಊರಿನ ಪೋಲೀಸಿನವರ ಲಾಂಛನದಲ್ಲಿಯೂ ಪೊರಕೆಯ ಮೇಲೆ ಕುಳಿತ ಮಾಟಗಾತಿಯೇ ಇದ್ದಾಳೆಂದ ಮೇಲೆ ಉಳಿದುದನ್ನು ವಾಚಕರೇ ಊಹಿಸಬಹುದು.

ಇನ್ನು ಈ ಮಾಟಗಾತಿಯು ಆ ಊರಿಗೆ ಬಂದುದು ಹೇಗೆ? 1692ರ ಮೊದಲಲ್ಲಿ, ಈಗ ಡ್ಯಾನ್‌ವರ್ಸ್ ಎನಿಸಿರುವ ಅಂದಿನ ಸೇಲಂ ಗ್ರಾಮದ ಪಾದ್ರಿಯಾದ ಸ್ಯಾಮ್ಯುಯಲ್ ಪ್ಯಾರಿಸನ ಮನೆಯಲ್ಲಿ ಇಬ್ಬರು ಹುಡುಗಿಯರಿಗೆ ವಿಚಿತ್ರವಾದ ಬೇನೆ ಕಾಣಿಸಿತು. ಯಾರೋ ಮಾಟ ಮಾಡಿದ್ದಾರೆಂಬ ಮಾತು ಹುಟ್ಟಿತು. ಮೊದಲು ಹೆಸರು ಬಂದುದು ಆ ಮನೆಯ ದಾಸಿಯಾದ ಟಿಟ್ಯೂಬಾ, ಭಿಕ್ಷೆಯಿಂದ ಬದುಕುತ್ತಿದ್ದ ಸಾರಾ ಗುಡ್, ಕಾಯಿಲೆಯಿಂದ ಮೂಲೆಸೇರಿದ್ದ ಸಾರಾ ಆಸ್‌ಬರ್ನ್ ಎಂಬ ಮೂವರದು. ದಿಕ್ಕಿಲ್ಲದವರ ಮೇಲೆಯೇ ಮೊದಲ ಕಲ್ಲು ಬೀಳುವುದು ಲೋಕರೂಢಿಯಷ್ಟೆ. ಆಮೇಲೆ ದೈವಭಕ್ತೆಯೆಂದು ಹೆಸರಾಗಿದ್ದ ವೃದ್ಧೆ ರೆಬೆಕಾ ನರ್ಸ್ ಮೊದಲಾದವರನ್ನೂ ಬಿಡಲಿಲ್ಲ. ನೂರೈವತ್ತಕ್ಕೂ ಮೇಲ್ಪಟ್ಟವರ ಮೇಲೆ ಆಪಾದನೆ ಬಂದಿತು. ಆಪಾದಿತನ ಛಾಯಾರೂಪವು ತನ್ನ ಬಳಿಗೆ ಬಂದು ಹಿಂಸಿಸಿತೆಂದು ಸಾಕ್ಷಿಯು ಹೇಳಿದರೆ ಅದನ್ನು ನ್ಯಾಯಾಲಯವು ಪ್ರಮಾಣವೆಂದು ಸ್ವೀಕರಿಸಿತು. ಇಂತಹ ಸಾಕ್ಷ್ಯಕ್ಕೆ ಪ್ರತಿಸಾಕ್ಷ್ಯವುಂಟೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನಾಲ್ಕು ಮಂದಿ ಸ್ತ್ರೀಯರನ್ನೂ ಐವರು ಪುರುಷರನ್ನೂ ಗಲ್ಲಿಗೇರಿಸಿದರು. ವಿಚಾರಣೆಗೆ ಒಪ್ಪದ ಗೈಲ್ಸ್ ಕೋರೆ ಎಂಬ ಮುದುಕ ರೈತನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಕೆಲವರು ಸೆರೆಮನೆಯಲ್ಲಿಯೇ ಸತ್ತರು. ಅಕ್ಟೋಬರ್ ಮಾಸದಲ್ಲಿ ಗವರ್ನರ್ ಫಿಪ್ಸ್ ಆ ವಿಶೇಷ ನ್ಯಾಯಾಲಯವನ್ನು ರದ್ದುಪಡಿಸಿದನು.

ಇದರಲ್ಲಿ ಎರಡು ಸಂಗತಿಗಳನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮಾಟ ಮಾಡಿದುದು ನಿಜವೆಂದು ಒಪ್ಪಿಕೊಂಡು ಆ ಮಾತಿಗೇ ಅಂಟಿಕೊಂಡವರಲ್ಲಿ ಒಬ್ಬರೂ ಗಲ್ಲಿಗೆ ಹೋಗಲಿಲ್ಲ. ಸುಳ್ಳೊಪ್ಪಿ ಬದುಕುವುದಕ್ಕಿಂತ ನಿಜವಾಡಿ ಸಾಯುವುದು ಮೇಲೆಂದವರು ಮಾತ್ರ ಸತ್ತರು. ಅಂದರೆ ಗಲ್ಲಿಗೇರಿದವರು ಮಾಟಗಾತಿಯರಲ್ಲ, ಸತ್ಯವಂತರು. ಎರಡನೆಯದಾಗಿ, ಈ ದುರಂತಕ್ಕೂ ಹ್ಯಾಲೋವೀನಿಗೂ ಚರಿತ್ರೆಯಲ್ಲಿ ಎಳೆಯಷ್ಟು ಸಂಬಂಧವಿಲ್ಲ. ಅಂದಿನ ಪ್ಯೂರಿಟನ್ ಜನರು ಸಂತರ ದಿನಗಳನ್ನಿರಲಿ, ಕ್ರಿಸ್ತಜಯಂತಿಯನ್ನೂ ಆಚರಿಸುತ್ತಿರಲಿಲ್ಲ. ಎರಡನ್ನೂ ಗಂಟುಹಾಕಿದುದು ಈಚಿನ ವ್ಯಾಪಾರಬುದ್ಧಿ.

ಆ ಬುದ್ಧಿಗೂ ಕಾರಣಗಳಿದ್ದುವು. ಸೇಲಂ ಒಂದು ಕಾಲದಲ್ಲಿ ನಮ್ಮ ದೇಶದೊಡನೆಯೂ ಸುಮಾತ್ರಾ ಚೀನಗಳೊಡನೆಯೂ ವ್ಯಾಪಾರ ನಡೆಸಿ ಐಶ್ವರ್ಯವಂತವಾಗಿದ್ದ ಬಂದರು. ಅಮೆರಿಕದ ನೆಲವನ್ನು ಮೆಟ್ಟಿದ ಮೊದಲನೆಯ ಆನೆಯನ್ನು 1796ರಲ್ಲಿ ಬಂಗಾಳದಿಂದ ನ್ಯೂಯಾರ್ಕಿಗೆ ಸಾಗಿಸಿದವನು ಈ ಊರಿನ ಕಪ್ತಾನನೇ. ಆ ನಾವಿಕರು 1799ರಲ್ಲಿ ಕಟ್ಟಿಕೊಂಡ ಸಂಘದ 1825ರ ಭವನವು ಇಂದಿಗೂ ಎಸೆಕ್ಸ್ ಬೀದಿಯಲ್ಲಿ ವಸ್ತುಸಂಗ್ರಹಾಲಯದ ಭಾಗವಾಗಿ ನಿಂತಿದೆ. ದೊಡ್ಡ ಹಡಗುಗಳು ಬೇರೆ ಬಂದರುಗಳನ್ನು ಹಿಡಿದ ಮೇಲೆ ವ್ಯಾಪಾರವು ಇಳಿಯಿತು. 1914ರ ಮಹಾ ಅಗ್ನಿಪ್ರಳಯವು ಸಾವಿರಕ್ಕೂ ಮಿಕ್ಕ ಕಟ್ಟಡಗಳನ್ನು ನುಂಗಿತು. ದೊಡ್ಡ ಹತ್ತಿಯ ಗಿರಣಿಯು 1953ರಲ್ಲಿ ಮುಚ್ಚಿತು. 1890ರ ಸುಮಾರಿನಲ್ಲಿಯೇ ಒಬ್ಬ ಆಭರಣದ ವರ್ತಕನು ಮಾಟಗಾತಿಯ ಚಿತ್ರವುಳ್ಳ ಬೆಳ್ಳಿಯ ಚಮಚಗಳನ್ನು ಮಾರಿ ದಾರಿ ತೋರಿಸಿದ್ದನು. ಮಾಟಗಾತಿಯ ಕಥೆಯನ್ನು ನಗೆಯಾಟವಾಗಿ ಮಾಡಿದ ದೂರದರ್ಶನದ ಮಾಲಿಕೆಯೊಂದರ ಕೆಲವು ಭಾಗಗಳ ಚಿತ್ರಣವು 1970ರಲ್ಲಿ ಅಲ್ಲಿ ನಡೆಯಿತು; 2005ರಲ್ಲಿ ಅದರ ನಾಯಿಕೆಯ ಕಂಚಿನ ಪ್ರತಿಮೆಯನ್ನು ಊರ ನಡುವೆ ನಿಲ್ಲಿಸಿದರು. ಇಪ್ಪತ್ತು ಜನರ ಹತ್ಯೆಯಾದ ಊರಿನಲ್ಲಿ ಇದು ತರವೇ ಎಂದು ಆಗಲೇ ಹಲವರು ಆಕ್ಷೇಪಿಸಿದರು.

ಆ ಆಕ್ಷೇಪಣೆಯು ಹುರುಳಿಲ್ಲದ್ದಲ್ಲ. ಚಾರ್ಟರ್ ಬೀದಿಯ ಹಳೆಯ ಸ್ಮಶಾನವನ್ನು ನೋಡಿದರೆ ಸಾಕು. ಗಲ್ಲಿನ ಕಾಲದ ನ್ಯಾಯಾಧಿಪತಿಗಳಲ್ಲೊಬ್ಬನಾದ ಜಾನ್ ಹೇಥಾರ್ನನಿಗೆ ಅಲ್ಲಿ ಗುರುತಿನ ಕಲ್ಲುಂಟು. ಗಲ್ಲಿಗೇರಿದವರಿಗೆ ಅಲ್ಲಿ ಗೋರಿಯಿಲ್ಲ. ಆ ನ್ಯಾಯಾಧಿಪತಿಯ ವಂಶದಲ್ಲಿಯೇ 1804ರಲ್ಲಿ ಹುಟ್ಟಿದ ಪ್ರಸಿದ್ಧ ಕಾದಂಬರಿಕಾರ ನಥೇನಿಯಲ್ ಹಾಥಾರ್ನನು ತನ್ನ ಹೆಸರಿಗೆ ಒಂದಕ್ಷರವನ್ನು ಸೇರಿಸಿಕೊಂಡು ಬರೆಯುತ್ತಿದ್ದನು. ಪೂರ್ವಿಕರ ಪಾಪದ ನೆನಪು ಅವನ ಬರಹಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ.

ಆದರೂ ಆ ಊರನ್ನೂ ಆ ಸಂಸ್ಥಾನವನ್ನೂ ಕೇವಲ ನಿಂದಿಸುವುದು ಅನ್ಯಾಯವಾದೀತು. ಏಕೆಂದರೆ ಪಾಪವನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಅಲ್ಲಿಯ ಜನರು, ತಡವಾಗಿಯಾದರೂ, ತೋರಿಸಿದ್ದಾರೆ. ನ್ಯಾಯಾಧಿಪತಿಗಳಲ್ಲೊಬ್ಬನಾದ ಸ್ಯಾಮ್ಯುಯಲ್ ಸ್ಯೂಯಲ್ 1697ರಲ್ಲಿ ದೇವಾಲಯದಲ್ಲಿ ಸಭೆಯ ಮುಂದೆ ಎದ್ದುನಿಂತು, ಅಪರಾಧದ ಹೊರೆ ತನ್ನದೆಂದು ಓದಿಸಿದನು. 1711ರಲ್ಲಿ ಶಾಸನಸಭೆಯು ಹಲವರ ಮೇಲಿನ ಕಳಂಕವನ್ನು ತೊಡೆದು ವಾರಸುದಾರರಿಗೆ ಪರಿಹಾರಧನವನ್ನು ಮಂಜೂರು ಮಾಡಿತು. ಬಿಟ್ಟುಹೋದವರ ವಿಷಯದಲ್ಲಿ 1957ರಲ್ಲಿ ಒಂದು ನಿರ್ಣಯವಾಯಿತು. 2001ರಲ್ಲಿ ಇನ್ನು ಐವರು ಸ್ತ್ರೀಯರ ಹೆಸರುಗಳು ಅದಕ್ಕೆ ಸೇರಿದುವು. ಆ ಶಾಸನಕ್ಕೆ ರುಜು ಬಿದ್ದುದು ಅಕ್ಟೋಬರ್ 31ರಂದು, ಹ್ಯಾಲೋವೀನಿನ ದಿನವೇ. 1992ರಲ್ಲಿ ಆ ಸ್ಮಶಾನಕ್ಕೆ ತಾಗಿದಂತೆ ಇಪ್ಪತ್ತು ಕಲ್ಲಿನ ಆಸನಗಳುಳ್ಳ ಸ್ಮಾರಕವನ್ನು ಕಟ್ಟಿ, ಒಂದೊಂದರ ಮೇಲೂ ಮಡಿದವರ ಹೆಸರನ್ನೂ ಮರಣದ ದಿನವನ್ನೂ ಕೆತ್ತಿಸಿದರು. ಯೆಹೂದ್ಯರ ಮಾರಣಹೋಮದಲ್ಲಿ ಬದುಕುಳಿದ ಎಲೀ ವೀಸೆಲ್ ಅದನ್ನು ಸಮರ್ಪಿಸಿದರು. ಗಲ್ಲಿನ ಸ್ಥಳವು ಪ್ರಾಕ್ಟರ್ಸ್ ಲೆಡ್ಜ್ ಎಂಬ ಬಂಡೆಯೇ ಎಂದು 2016ರಲ್ಲಿ ವಿದ್ವಾಂಸರು ಸಿದ್ಧಪಡಿಸಿದ ಮೇಲೆ, ಮರುವರ್ಷ ಜುಲೈ 19ರಂದು ಅಲ್ಲಿಯೂ ಒಂದು ಸ್ಮಾರಕವಾಯಿತು.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದುದು ಇನ್ನೊಂದು ಸಂಗತಿ. ಎಲಿಜಬೆತ್ ಜಾನ್ಸನ್ ಎಂಬ ಇಪ್ಪತ್ತೆರಡರ ತರುಣಿಗೆ 1693ರ ಜನವರಿಯಲ್ಲಿ ಮರಣದಂಡನೆ ವಿಧಿಸಿದ್ದರು. ಗವರ್ನರನ ದಯೆಯಿಂದ ಪ್ರಾಣವುಳಿಯಿತು; ಆದರೆ ಹೆಸರಿನ ಮೇಲಿನ ಕಳಂಕವು ಉಳಿದೇ ಹೋಯಿತು. ತನ್ನ ಹೆಸರನ್ನು ಶುದ್ಧಗೊಳಿಸಬೇಕೆಂದು ಅವಳೇ 1712ರಲ್ಲಿ ಬಿನ್ನವಿಸಿಕೊಂಡಿದ್ದಳು, ಫಲವಾಗಲಿಲ್ಲ. ಪರವಾಗಿ ಮಾತನಾಡಲು ಅವಳಿಗೆ ಮಕ್ಕಳಿರಲಿಲ್ಲ, ಮೊಮ್ಮಕ್ಕಳಿರಲಿಲ್ಲ. ಅವಳ ಸೀಮೆಯಾದ ಈಗಿನ ನಾರ್ತ್ ಆಂಡೋವರ್ ಊರಿನ ಶಾಲೆಯ ಎಂಟನೆಯ ತರಗತಿಯ ಮಕ್ಕಳು ಪೌರನೀತಿಯ ಪಾಠದ ಅಂಗವಾಗಿ ಹಳೆಯ ದಾಖಲೆಗಳನ್ನು ಶೋಧಿಸಿ, ಶಾಸನಸಭೆಗೆ ಪತ್ರಗಳನ್ನು ಬರೆದು, ಒಬ್ಬ ಸದಸ್ಯೆಯ ಮೂಲಕ ಮಸೂದೆಯನ್ನು ಮಂಡಿಸಿ, 2022ರ ಜುಲೈಯಲ್ಲಿ ಆ ಕಳಂಕವನ್ನು ಕಳೆದರು. ಸಂತಾನವಿಲ್ಲದೆ ಸತ್ತವಳಿಗೆ 329 ವರ್ಷಗಳ ಅನಂತರ ಪರರ ಮಕ್ಕಳು ಮಾಡಿದ ಈ ಕಾರ್ಯವನ್ನು ನಾವು ತರ್ಪಣಕ್ಕೆ ಸಮಾನವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಸೇಲಮಿಗೂ ನಮಗೂ ಮತ್ತೊಂದು ನಂಟಿದೆ. 1892ರಲ್ಲಿ ಮೈಸೂರಿನಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರವರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು, ಮರುವರ್ಷ ಚಿಕಾಗೋ ಸಮ್ಮೇಳನಕ್ಕೆ ಮುಂಚೆ ಈ ಊರಿನಲ್ಲಿ ತಂಗಿ, ಆಗಸ್ಟ್ 28ರಂದು ಅಲ್ಲಿಯ ಮಹಿಳಾಸಂಘದ ಮುಂದೆ ಉಪನ್ಯಾಸ ಮಾಡಿದರು. ಅನ್ಯಮತದವರೆಂಬ ಸಂದೇಹಕ್ಕೇ ಹಿಂದೆ ಬೆದರುತ್ತಿದ್ದ ಊರು, ಇನ್ನೂರೊಂದು ವರ್ಷಗಳಾದ ಮೇಲೆ ಕಾಷಾಯಧಾರಿಯಾದ ಸನ್ಯಾಸಿಯ ಮಾತಿಗೆ ಕಿವಿಗೊಟ್ಟಿತು. ಊರುಗಳು ಕಲಿಯಬಲ್ಲುವು ಎಂಬುದಕ್ಕೆ ಇದೊಂದು ನಿದರ್ಶನ.

ನಾವು ಹಬ್ಬದ ವಿರೋಧಿಗಳಲ್ಲ. ಗಿರಣಿಗಳನ್ನು ಕಳೆದುಕೊಂಡ ಊರು ನಾಲ್ಕು ಕಾಸು ಸಂಪಾದಿಸುವುದನ್ನಾಗಲಿ, ಮಕ್ಕಳು ವೇಷ ಹಾಕಿ ನಲಿಯುವುದನ್ನಾಗಲಿ ಯಾರೂ ಹಳಿಯಬೇಕಾಗಿಲ್ಲ. ನಾವು ಬಯಸುವುದಿಷ್ಟೇ: ಎಸೆಕ್ಸ್ ಬೀದಿಯಲ್ಲಿ ಒಂದು ಗಂಟೆ ನಕ್ಕವರು ಆ ಕಲ್ಲಿನ ಆಸನಗಳ ಬಳಿ ಹತ್ತು ನಿಮಿಷ ಮೌನವಾಗಿ ನಿಲ್ಲಲಿ. ಅಲ್ಲಿಗೆ ಹೋಗುವ ನಮ್ಮ ಹಿರಿಯರೂ ಮೊಮ್ಮಕ್ಕಳಿಗೆ ಆ ಹೆಸರುಗಳನ್ನು ಓದಿ ಹೇಳಲಿ.

ಅಷ್ಟರಿಂದಲೇ ನಮ್ಮ ಕರ್ತವ್ಯವು ಮುಗಿಯಲಿಲ್ಲ. ಸೇಲಮಿನಲ್ಲಿ ಗಲ್ಲು ನಿಂತು ಮೂರು ಶತಮಾನಗಳು ಕಳೆದುವು. ನಮ್ಮ ದೇಶದಲ್ಲಾದರೋ ಬಿಹಾರವು 1999ರಲ್ಲಿಯೂ ಜಾರ್ಖಂಡವು 2001ರಲ್ಲಿಯೂ ಸ್ತ್ರೀಯರನ್ನು ಮಾಟಗಾತಿಯರೆಂದು ಹಿಂಸಿಸುವುದನ್ನು ತಡೆಯಲು ಶಾಸನ ಮಾಡಬೇಕಾಯಿತು. ಶಾಸನವಾದ ಮೇಲೂ ಅಂತಹ ಕೊಲೆಗಳು ನಿಲ್ಲಲಿಲ್ಲ. ನಮ್ಮ ಕರ್ನಾಟಕವೂ ವಾಮಾಚಾರ ಮೊದಲಾದ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಅಧಿನಿಯಮವನ್ನು ಮಾಡಿ 2020ರಲ್ಲಿ ಜಾರಿಗೆ ತಂದಿತು. ಒಬ್ಬ ವಿಧವೆಯ ಹೊಲದ ಮೇಲೆ ನೆರೆಯವನ ಕಣ್ಣು ಬಿದ್ದಾಗ, ಒಂದು ಮಗು ಜ್ವರದಿಂದ ಸತ್ತಾಗ, ಯಾರನ್ನಾದರೂ ಬೆರಳಿಟ್ಟು ತೋರಿಸುವ ಜನರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆ ಬೆರಳನ್ನು ತಡೆಯುವ ಅಧಿಕಾರವು ಈ ಪತ್ರಿಕೆಯನ್ನೋದುವ ಅನೇಕ ಮಹನೀಯರ ಕೈಯಲ್ಲಿದೆ. ನೂರಾರು ವರ್ಷಗಳ ತರುವಾಯ ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ಒಳ್ಳೆಯದೇ. ದೂರು ಬಂದ ದಿನವೇ ಎದ್ದುಹೋಗಿ ಒಂದು ಜೀವವನ್ನು ಉಳಿಸುವುದು ಅದಕ್ಕಿಂತ ಒಳ್ಳೆಯದು.